ಮಧುಮೇಹವಿಲ್ಲದವರ ರಕ್ತದಲ್ಲಿ ಸಕ್ಕರೆ ಕುಸಿದರೆ: ಓದುಗರ ಪ್ರಶ್ನೆ, ವೈದ್ಯರ ಉತ್ತರ

ಮಧುಮೇಹದ ಔಷಧಿಯನ್ನೇ ತೆಗೆದುಕೊಳ್ಳದವರ ರಕ್ತದಲ್ಲೂ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದೇ, ಅದಕ್ಕೆ ದೇಹದೊಳಗಿನ ಗಡ್ಡೆ ಕಾರಣವಾಗಿರಬಹುದೇ ಎಂದು ಕೇಳಿದ ಹಲವು ಪತ್ರಗಳು ಈ ಬಾರಿ ಬಂದಿವೆ. ಅವುಗಳಲ್ಲಿ ಕೆಲವನ್ನು ಆಯ್ದು, ಬರೆದವರ ಗುರುತು ತಿಳಿಯದಂತೆ ಸಂಕ್ಷೇಪಿಸಿ, ಇಲ್ಲಿ ಉತ್ತರಿಸಿದ್ದೇನೆ. ಸಕ್ಕರೆಯ ಅಂಕಿಗಳೆಲ್ಲವೂ ಒಂದು ಡೆಸಿಲೀಟರ್ ರಕ್ತದಲ್ಲಿರುವ ಗ್ಲೂಕೋಸನ್ನು ಮಿಲಿಗ್ರಾಂಗಳಲ್ಲಿ ಹೇಳುತ್ತವೆ.

ಪ್ರಶ್ನೆ: ನಮ್ಮ ತಾಯಿಗೆ 52 ವರ್ಷ. ಎರಡು ವರ್ಷಗಳಿಂದ ಆಗಾಗ ಬೆಳಗಿನ ಜಾವ ಅವರನ್ನು ಎಬ್ಬಿಸುವುದೇ ಕಷ್ಟವಾಗುತ್ತಿದೆ. ಕಣ್ಣು ಬಿಟ್ಟರೂ ನಮ್ಮ ಗುರುತು ಹಿಡಿಯುವುದಿಲ್ಲ, ಕೇಳಿದ್ದಕ್ಕೆ ಸಂಬಂಧವಿಲ್ಲದ ಮಾತಾಡುತ್ತಾರೆ, ಮೈಯೆಲ್ಲ ಬೆವೆತಿರುತ್ತದೆ. ಹೇಗೋ ಸಕ್ಕರೆ ನೀರು ಕುಡಿಸಿದರೆ ಹತ್ತು ಹದಿನೈದು ನಿಮಿಷದಲ್ಲಿ ಸರಿಹೋಗುತ್ತಾರೆ. ನಡೆದದ್ದು ಮಾತ್ರ ಅವರಿಗೆ ನೆನಪಿರುವುದಿಲ್ಲ. ಒಮ್ಮೆ ಕೈಕಾಲು ಸೆಟೆದುಕೊಂಡಿದ್ದರಿಂದ ಮೂರ್ಛೆರೋಗವೆಂದು ಮಾತ್ರೆ ಶುರುವಾಯಿತು, ಆದರೆ ಗುಣ ಕಾಣಲಿಲ್ಲ. ತೂಕವೂ ಏರುತ್ತಿದೆ. ಕಳೆದ ತಿಂಗಳು ಇಂಥ ಹೊತ್ತಿನಲ್ಲಿ ಗ್ಲುಕೋಮೀಟರಿನಲ್ಲಿ ನೋಡಿದಾಗ 41 ಎಂದು ತೋರಿಸಿತು. ಈಗ ಇನ್ಸುಲಿನೋಮ ಇರಬಹುದು ಎನ್ನುತ್ತಿದ್ದಾರೆ. ಅದೇನು? ಕ್ಯಾನ್ಸರೇ?

ಉತ್ತರ: ನಿಮ್ಮ ಪತ್ರದಲ್ಲಿ ನಾನು ಅಡಿಗೆರೆ ಎಳೆದ ಸಾಲು ಒಂದೇ: ಸಕ್ಕರೆ ನೀರು ಕುಡಿಸಿದರೆ ಸರಿಹೋಗುತ್ತಾರೆ. ಮೂರ್ಛೆರೋಗದ ಸೆಳೆತ ಸಕ್ಕರೆಗಾಗಿ ಕಾಯುವುದಿಲ್ಲ. ತಾನಾಗಿ ಬಂದು ತಾನಾಗಿ ಹೋಗುತ್ತದೆ. ಅಮೆರಿಕದ ಶಸ್ತ್ರವೈದ್ಯ ಅಲೆನ್ ವಿಪಲ್ 1930ರ ದಶಕದಲ್ಲಿ, ಇಂಥ ರೋಗಿಗಳಿಗೆ ಶಸ್ತ್ರಚಿಕಿತ್ಸೆ ಮಾಡುವ ಮೊದಲು ಮೂರು ಸಂಗತಿಗಳು ಕೂಡಿಬರಬೇಕೆಂದು ಕಟ್ಟುನಿಟ್ಟಾಗಿ ಹೇಳಿದರು. ಸಕ್ಕರೆ ಇಳಿದಾಗ ಕಾಣುವಂಥ ಲಕ್ಷಣಗಳಿರಬೇಕು, ಅದೇ ಹೊತ್ತಿನಲ್ಲಿ ತೆಗೆದ ರಕ್ತದಲ್ಲಿ ಸಕ್ಕರೆ ನಿಜವಾಗಿಯೂ ಕಡಿಮೆಯಿರಬೇಕು, ಸಕ್ಕರೆ ಕೊಟ್ಟಾಗ ಆ ಲಕ್ಷಣಗಳು ಮಾಯವಾಗಬೇಕು. ಸುಮಾರು ತೊಂಬತ್ತು ವರ್ಷಗಳಾದರೂ ಈ ಮೂರರ ಕಟ್ಟಳೆ ಬದಲಾಗಿಲ್ಲ. ನಿಮ್ಮ ತಾಯಿಯವರಲ್ಲಿ ಮೊದಲನೆಯದೂ ಮೂರನೆಯದೂ ಸ್ಪಷ್ಟವಾಗಿವೆ, ಎರಡನೆಯದು ಇನ್ನೂ ಪ್ರಯೋಗಾಲಯದಲ್ಲಿ ರುಜುವಾತಾಗಬೇಕಾಗಿದೆ. ಗ್ಲುಕೋಮೀಟರು ಮಧುಮೇಹಿಗಳ ದಿನನಿತ್ಯದ ಬಳಕೆಗಾಗಿ ಮಾಡಿದ ಸಾಧನ. ಸಕ್ಕರೆ 100ಕ್ಕಿಂತ ಕೆಳಗಿರುವಾಗ ಅದು 15ರಷ್ಟು ಆಚೀಚೆ ತೋರಿಸಿದರೂ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಅದು ಸರಿಯಾದ ಯಂತ್ರವೇ. ಹಾಗಾಗಿ 41 ಎಂಬುದು ಬಲವಾದ ಸೂಚನೆ, ಸಾಕ್ಷ್ಯವಲ್ಲ.

ಇನ್ನು ಇನ್ಸುಲಿನೋಮದ ವಿಚಾರ. ಜಠರದ ಹಿಂಭಾಗದಲ್ಲಿ ಅಡ್ಡಲಾಗಿ ಮಲಗಿರುವ ಮೇದೋಜ್ಜೀರಕ ಗ್ರಂಥಿಯಲ್ಲಿ ಜೀರ್ಣರಸ ಸ್ರವಿಸುವ ಕೋಶಗಳ ನಡುವೆ ಚದುರಿಕೊಂಡಿರುವ ಸಣ್ಣ ಕೋಶಗುಚ್ಛಗಳನ್ನು 1869ರಲ್ಲಿ ಪೌಲ್ ಲ್ಯಾಂಗರ್‌ಹ್ಯಾನ್ಸ್ ಗುರುತಿಸಿದರು. ಈ ಗುಚ್ಛಗಳಲ್ಲಿರುವ ಬೀಟಾ ಕೋಶಗಳು ರಕ್ತದಲ್ಲಿನ ಗ್ಲೂಕೋಸನ್ನು ನೋಡಿಕೊಂಡು ಇನ್ಸುಲಿನ್ ಬಿಡುತ್ತವೆ: ಊಟವಾದಾಗ ಹೆಚ್ಚು, ಉಪವಾಸವಿದ್ದಾಗ ಕಡಿಮೆ, ಸಕ್ಕರೆ 80ರ ಸುಮಾರಿಗೆ ಇಳಿದರೆ ಬಹುಮಟ್ಟಿಗೆ ನಿಲ್ಲಿಸಿಬಿಡುತ್ತವೆ. ಇದೇ ಬೀಟಾ ಕೋಶಗಳು ಗಡ್ಡೆಯಾಗಿ ಬೆಳೆದಾಗ ಅದನ್ನು ಇನ್ಸುಲಿನೋಮ ಎನ್ನುತ್ತೇವೆ. ಗಡ್ಡೆಯ ಕೋಶಗಳಿಗೆ ಇನ್ಸುಲಿನ್ ತಯಾರಿಸುವುದು ಗೊತ್ತಿದೆ, ನಿಲ್ಲಿಸುವುದು ಗೊತ್ತಿಲ್ಲ.

ಇದರ ಪರಿಣಾಮ ಬೆಳಗಿನ ಜಾವದಲ್ಲೇ ಏಕೆ ಕಾಣುತ್ತದೆ ಎಂಬುದನ್ನು ತಿಳಿದರೆ ರೋಗವೇ ಅರ್ಧ ಅರ್ಥವಾದಂತೆ. ರಾತ್ರಿ ಊಟವಾಗಿ ಕೆಲವು ಗಂಟೆಗಳ ನಂತರ ಹೊರಗಿನಿಂದ ಸಕ್ಕರೆ ಬರುವುದು ನಿಲ್ಲುತ್ತದೆ. ಆಗ ಯಕೃತ್ತು ತನ್ನಲ್ಲಿ ಗ್ಲೈಕೋಜನ್ ರೂಪದಲ್ಲಿ ಕೂಡಿಟ್ಟ ದಾಸ್ತಾನನ್ನು ಕರಗಿಸಿ ರಕ್ತಕ್ಕೆ ಬಿಡಬೇಕು. ದಾಸ್ತಾನು ಮುಗಿಯುತ್ತ ಬಂದರೆ ಕೊಬ್ಬು ಕರಗಿ ಕೀಟೋನುಗಳಾಗಬೇಕು. ಗ್ಲೂಕೋಸಿನ ಅಭಾವವಿದ್ದಾಗ ಮೆದುಳು ಅವನ್ನೂ ಉರುವಲಾಗಿ ಬಳಸಿಕೊಳ್ಳಬಲ್ಲದು. ಇನ್ಸುಲಿನ್ ಈ ಎರಡೂ ದಾರಿಗಳನ್ನು ಮುಚ್ಚಿಬಿಡುತ್ತದೆ. ಯಕೃತ್ತಿನ ದಾಸ್ತಾನು ಅಲ್ಲೇ ಉಳಿಯುತ್ತದೆ, ಕೊಬ್ಬು ಕರಗುವುದಿಲ್ಲ, ಮೆದುಳಿಗೆ ಮಾತ್ರ ಏನೂ ಸಿಗುವುದಿಲ್ಲ. ದೇಹದ ತೂಕದಲ್ಲಿ ನೂರಕ್ಕೆ ಎರಡರಷ್ಟಿರುವ, ಆದರೆ ವಿಶ್ರಾಂತಿಯಲ್ಲಿ ಒಟ್ಟು ಶಕ್ತಿಯ ಐದರಲ್ಲಿ ಒಂದು ಪಾಲನ್ನು ಬಳಸುವ ಆ ಅಂಗ ಉಪವಾಸ ಬಿದ್ದಾಗ ಗಲಿಬಿಲಿ, ಅಸಂಬದ್ಧ ಮಾತು, ದೃಷ್ಟಿ ಮಸುಕಾಗುವುದು, ಒಂದು ವಸ್ತು ಎರಡಾಗಿ ಕಾಣುವುದು, ವಿಚಿತ್ರ ವರ್ತನೆ, ಕೊನೆಗೆ ಸೆಳೆತ ಅಥವಾ ಪ್ರಜ್ಞಾಹೀನತೆ ಉಂಟಾಗುತ್ತವೆ. ಕೈ ನಡುಕ, ಎದೆ ಹೊಡೆದುಕೊಳ್ಳುವುದು, ಬೆವರು ಇವೆಲ್ಲ ಅಡ್ರಿನಲಿನ್ ಮುಂತಾದ ಎಚ್ಚರಿಕೆಯ ಸಂಕೇತಗಳಿಂದ ಬರುವಂಥವು. ಸಕ್ಕರೆ ಪದೇ ಪದೇ ಇಳಿಯುತ್ತಿದ್ದರೆ ದೇಹ ಅದಕ್ಕೆ ಒಗ್ಗಿಹೋಗಿ ಈ ಎಚ್ಚರಿಕೆ ಮಂಕಾಗುತ್ತದೆ. ಹಲವು ರೋಗಿಗಳು ನಡುಗದೆ, ತತ್ತರಿಸದೆ ನೇರವಾಗಿ ಗಲಿಬಿಲಿಗೆ ಜಾರುವುದು ಇದರಿಂದಲೇ. ಅವರಲ್ಲಿ ಕೆಲವರು ನರರೋಗದ, ಮನೋರೋಗದ ಚಿಕಿತ್ಸೆಯಲ್ಲಿ ವರ್ಷಗಳನ್ನು ಕಳೆಯುವುದು ವೈದ್ಯಕೀಯ ಸಾಹಿತ್ಯದಲ್ಲಿ ಮತ್ತೆ ಮತ್ತೆ ದಾಖಲಾಗಿದೆ. ಮೊದಲು ನೋಡಿದ ವೈದ್ಯರ ಮೇಲೆ ಕೋಪ ಬರುವುದು ಸಹಜ. ಆದರೆ ವರ್ಷಕ್ಕೆ ಹತ್ತು ಲಕ್ಷ ಜನರಲ್ಲಿ ಹೆಚ್ಚೆಂದರೆ ನಾಲ್ವರಿಗೆ ಹೊಸದಾಗಿ ಬರುವ ರೋಗ ಇದು. ಎಷ್ಟೋ ವೈದ್ಯರು ತಮ್ಮ ಇಡೀ ವೃತ್ತಿಜೀವನದಲ್ಲಿ ಒಂದನ್ನೂ ನೋಡಿರುವುದಿಲ್ಲ. ತೂಕ ಏರಿದ್ದಕ್ಕೂ ಕಾರಣ ಸರಳವಾಗಿದೆ: ತಿಂದರೆ ಸರಿಹೋಗುತ್ತದೆ ಎಂಬುದನ್ನು ದೇಹ ಕಲಿತುಬಿಟ್ಟಿದೆ.

ಕ್ಯಾನ್ಸರೇ ಎಂಬ ಪ್ರಶ್ನೆಗೆ ಬಹುಮಟ್ಟಿಗೆ ಸಮಾಧಾನದ ಉತ್ತರವಿದೆ. ಇನ್ಸುಲಿನೋಮಗಳಲ್ಲಿ ಸುಮಾರು ನೂರಕ್ಕೆ 90 ಬೇರೆಡೆಗೆ ಹರಡದ ಸೌಮ್ಯ ಗಡ್ಡೆಗಳು. ಹೆಚ್ಚುಕಡಿಮೆ ಅಷ್ಟೇ ಪ್ರಮಾಣದವು ಒಂಟಿ ಗಡ್ಡೆಗಳು ಮತ್ತು 2 ಸೆಂಟಿಮೀಟರಿಗಿಂತ ಸಣ್ಣವು. ಆದರೆ ಯಾವ ಗಡ್ಡೆ ಎಂಬ ಪ್ರಶ್ನೆ ಆಮೇಲಿನದು, ಇನ್ಸುಲಿನ್ ಹೆಚ್ಚಾಗಿದೆಯೇ ಎಂಬುದು ಮೊದಲು ತೀರ್ಮಾನವಾಗಲಿ. ಮೂರ್ಛೆಯ ಮಾತ್ರೆಗಳನ್ನು ನೀವಾಗಿಯೇ ನಿಲ್ಲಿಸಬೇಡಿ. ಅವನ್ನು ಥಟ್ಟನೆ ಬಿಟ್ಟರೆ ಅದರಿಂದಲೇ ಸೆಳೆತ ಬರಬಹುದು. ತಾಯಿಯವರನ್ನು ಎಂಡೋಕ್ರೈನಾಲಜಿಸ್ಟ್, ಅಂದರೆ ನಿರ್ನಾಳ ಗ್ರಂಥಿಗಳ ತಜ್ಞರ ಬಳಿ ಕರೆದುಕೊಂಡು ಹೋಗಿ.

ಪ್ರಶ್ನೆ: ನನ್ನ ಪತಿಗೆ ಊಟ ತಡವಾದರೆ ಪ್ರಜ್ಞೆ ತಪ್ಪುತ್ತದೆ. ಅಂಥವರನ್ನು ಆಸ್ಪತ್ರೆಗೆ ಸೇರಿಸಿಕೊಂಡು 72 ಗಂಟೆ ಉಪವಾಸ ಇಡುತ್ತೇವೆ ಎನ್ನುತ್ತಾರೆ. ಇದು ಗೊತ್ತಿದ್ದೂ ಅಪಾಯಕ್ಕೆ ತಳ್ಳಿದಂತಲ್ಲವೇ?

ಉತ್ತರ: ನಿಮ್ಮ ಭಯ ನ್ಯಾಯವಾದದ್ದು. ಈ ಪರೀಕ್ಷೆಯನ್ನು ಮನೆಯಲ್ಲಿ ಯಾರಾದರೂ ಮಾಡಹೊರಟರೆ ಖಂಡಿತ ಅಪಾಯವೇ. ಆಸ್ಪತ್ರೆಯಲ್ಲಿ ಮಾಡುವ ಕ್ರಮ ಬೇರೆ. ಮೊದಲೇ ಕೈಯ ರಕ್ತನಾಳಕ್ಕೆ ಸೂಜಿ ಹಾಕಿ ದಾರಿ ಮಾಡಿಟ್ಟಿರುತ್ತಾರೆ, ಗ್ಲೂಕೋಸಿನ ಇಂಜೆಕ್ಷನ್ ಹಾಸಿಗೆಯ ಪಕ್ಕದಲ್ಲೇ ಇರುತ್ತದೆ. ನೀರು ಕುಡಿಯಬಹುದು, ಎದ್ದು ಓಡಾಡಬಹುದು. ಓಡಾಡುವಂತೆ ಹೇಳುವುದೂ ಉಂಟು. ಕೊನೆಯ ತುತ್ತು ತಿಂದ ಗಳಿಗೆಯನ್ನು ಬರೆದಿಟ್ಟುಕೊಂಡು ಆರು ಗಂಟೆಗೊಮ್ಮೆ ರಕ್ತ ತೆಗೆಯುತ್ತಾರೆ, ಸಕ್ಕರೆ 60ಕ್ಕೆ ಇಳಿದ ಮೇಲೆ ಒಂದೆರಡು ಗಂಟೆಗೊಮ್ಮೆ. ಅದರೊಂದಿಗೆ ಶುಶ್ರೂಷಕಿ ಬಂದು 100ರಿಂದ ಏಳೇಳನ್ನು ಕಳೆಯುತ್ತ ಬನ್ನಿ ಎನ್ನುತ್ತಾರೆ. ಸಂಜೆ 93, 86, 79 ಎಂದು ಸಲೀಸಾಗಿ ಹೇಳಿದವರು ಮರುದಿನ ಮುಂಜಾನೆ 93ರ ಬಳಿಕ ಬಹಳ ಹೊತ್ತು ಸುಮ್ಮನಿದ್ದು, ಮತ್ತೆ 93 ಎಂದು ಹೇಳಿ ತಮ್ಮ ಉತ್ತರ ಸರಿಯಿದೆಯೆಂಬ ಭರವಸೆಯಿಂದ ಮುಖ ನೋಡುತ್ತಾರೆ. ರಕ್ತದ ವರದಿ ಬರುವ ಮೊದಲೇ ಮೆದುಳಿಗೆ ಸಕ್ಕರೆ ಸಾಲುತ್ತಿಲ್ಲವೆಂಬುದು ನೋಡುವವರಿಗೆ ಗೊತ್ತಾಗುತ್ತದೆ. ಆ ಗಳಿಗೆಯಲ್ಲೇ ಬೇಕಾದ ರಕ್ತವನ್ನೆಲ್ಲ ತೆಗೆದು, ಉಪವಾಸ ಮುಗಿಸಿ, ಊಟ ಕೊಡುತ್ತಾರೆ. 72 ಗಂಟೆ ಎಂಬುದು ಗರಿಷ್ಠ ಮಿತಿ. ನಿಜವಾಗಿ ಇನ್ಸುಲಿನೋಮ ಇರುವವರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಜನರಿಗೆ ಮೊದಲ 24 ಗಂಟೆಗಳಲ್ಲೇ, ನೂರಕ್ಕೆ 90ಕ್ಕೂ ಹೆಚ್ಚು ಮಂದಿಗೆ 48 ಗಂಟೆಗಳೊಳಗೆ ಸಕ್ಕರೆ ಇಳಿದುಬಿಡುತ್ತದೆ. ಊಟ ತಡವಾದರೇ ಪ್ರಜ್ಞೆ ತಪ್ಪುವ ನಿಮ್ಮವರಿಗೆ ಮೂರು ದಿನ ಬೇಕಾಗುವ ಸಂಭವ ಕಡಿಮೆ. ಆಸ್ಪತ್ರೆಗೆ ಬಂದ ದಿನವೇ ತಾನಾಗಿ ಸಕ್ಕರೆ ಕುಸಿದು, ಆಗಲೇ ರಕ್ತ ಸಿಕ್ಕರೆ ಈ ಉಪವಾಸವೇ ಬೇಕಾಗದಿರಬಹುದು.

ಆ ರಕ್ತದಲ್ಲಿ ಹುಡುಕುವುದೇನನ್ನು? ಗ್ಲೂಕೋಸು 55ಕ್ಕಿಂತ ಕೆಳಗಿರುವಾಗ ಆರೋಗ್ಯವಂತರ ಇನ್ಸುಲಿನ್ ಬಹುತೇಕ ಸೊನ್ನೆಯ ಹತ್ತಿರವಿರಬೇಕು. ಅದು ಮಿಲಿಲೀಟರಿಗೆ 3 ಮೈಕ್ರೋಯೂನಿಟ್ ಅಥವಾ ಹೆಚ್ಚಿದ್ದರೆ ಅಕಾಲದಲ್ಲಿ ಸ್ರವಿಸುತ್ತಿದೆ ಎಂದರ್ಥ. ಇಲ್ಲಿ ಅನೇಕರು ಎಡವುವ ಒಂದು ಸಂಗತಿಯಿದೆ: ಪ್ರಯೋಗಾಲಯದ ವರದಿಯಲ್ಲಿ ಇನ್ಸುಲಿನ್ ‘ಸಾಮಾನ್ಯ ಮಿತಿಯಲ್ಲಿದೆ’ ಎಂದು ಅಚ್ಚಾಗಿರುತ್ತದೆ, ಮನೆಯವರು ನಿಟ್ಟುಸಿರು ಬಿಡುತ್ತಾರೆ. ಸಕ್ಕರೆ 90 ಇದ್ದಾಗ ಸಾಮಾನ್ಯವಾದ ಇನ್ಸುಲಿನ್, ಸಕ್ಕರೆ 40 ಇದ್ದಾಗ ಅಸಾಮಾನ್ಯವೇ. ಎರಡು ಅಂಕಿಗಳನ್ನೂ ಒಟ್ಟಿಗೆ ಓದದಿದ್ದರೆ ವರದಿಗೆ ಬೆಲೆಯಿಲ್ಲ.

ಇನ್ಸುಲಿನ್ ಜತೆಗೆ ಸಿ-ಪೆಪ್ಟೈಡ್ ನೋಡುವುದು ಕಡ್ಡಾಯ. ಬೀಟಾ ಕೋಶಗಳು ಮೊದಲು ಪ್ರೊಇನ್ಸುಲಿನ್ ಎಂಬ ಉದ್ದದ ಅಣುವನ್ನು ತಯಾರಿಸಿ ಕತ್ತರಿಸುತ್ತವೆ. ಪ್ರತಿ ಒಂದು ಇನ್ಸುಲಿನ್ ಅಣುವಿಗೆ ಒಂದು ಸಿ-ಪೆಪ್ಟೈಡ್ ತುಂಡು ಹೊರಬೀಳುತ್ತದೆ. ಸೀಸೆಯಲ್ಲಿ ಬರುವ ಇನ್ಸುಲಿನ್ನಿನಲ್ಲಿ ಆ ತುಂಡು ಇರುವುದಿಲ್ಲ. ಆದ್ದರಿಂದ ಇನ್ಸುಲಿನ್ ಹೆಚ್ಚಿದ್ದು ಸಿ-ಪೆಪ್ಟೈಡ್ ತೀರ ಕಡಿಮೆಯಿದ್ದರೆ ಅದು ಹೊರಗಿನಿಂದ ಚುಚ್ಚಿದ ಇನ್ಸುಲಿನ್. ಸಿ-ಪೆಪ್ಟೈಡ್ ಮಿಲಿಲೀಟರಿಗೆ 0.6 ನ್ಯಾನೋಗ್ರಾಂ ಅಥವಾ ಹೆಚ್ಚಿದ್ದರೆ ಅದು ದೇಹದ್ದೇ. ಆಗಲೂ ಒಂದು ಅನುಮಾನ ಉಳಿಯುತ್ತದೆ. ಬೀಟಾ ಕೋಶಗಳನ್ನು ಪ್ರಚೋದಿಸುವ ಸಲ್ಫೊನೈಲ್‌ಯೂರಿಯಾ ಗುಂಪಿನ ಮಧುಮೇಹದ ಮಾತ್ರೆಗಳು ಥೇಟ್ ಇನ್ಸುಲಿನೋಮದಂಥದೇ ವರದಿ ಕೊಡುತ್ತವೆ. ಹಾಗಾಗಿ ರಕ್ತ ಅಥವಾ ಮೂತ್ರದಲ್ಲಿ ಆ ಔಷಧಿಗಳಿಗಾಗಿ ಹುಡುಕುತ್ತಾರೆ. ಇದನ್ನು ಆರೋಪವೆಂದು ಭಾವಿಸಬೇಡಿ. ಮನೆಯಲ್ಲಿ ಬೇರೊಬ್ಬರು ಮಧುಮೇಹಿಗಳಿದ್ದರೆ ಮಾತ್ರೆಗಳು ಅದಲುಬದಲಾಗುವುದು ಗಡ್ಡೆಗಿಂತ ಎಷ್ಟೋ ಪಾಲು ಹೆಚ್ಚು ಸಂಭವನೀಯ. ಇನ್ಸುಲಿನ್ನಿನ ವಿರುದ್ಧವೇ ದೇಹ ಪ್ರತಿಕಾಯಗಳನ್ನು ತಯಾರಿಸುವ, 1970ರಲ್ಲಿ ಜಪಾನಿನ ಹಿರಾಟ ಮೊದಲು ವರ್ಣಿಸಿದ ಇನ್ನೊಂದು ಕಾಯಿಲೆಯೂ ಇದೆ. ಅದಕ್ಕೆ ಶಸ್ತ್ರಚಿಕಿತ್ಸೆಯ ಅಗತ್ಯವೇ ಇಲ್ಲದಿರುವುದರಿಂದ ಪ್ರತಿಕಾಯಗಳ ಪರೀಕ್ಷೆಯನ್ನೂ ಸೇರಿಸಿಕೊಳ್ಳುತ್ತಾರೆ. ಉಪವಾಸದ ಕೊನೆಯಲ್ಲಿ ಕೀಟೋನುಗಳು ಏರದೆ ಉಳಿದಿರುವುದು, ಸಕ್ಕರೆ ಏರಿಸುವ ಗ್ಲುಕಗಾನ್ ಎಂಬ ಹಾರ್ಮೋನಿನ ಇಂಜೆಕ್ಷನ್ ಕೊಟ್ಟ ಅರ್ಧ ಗಂಟೆಯಲ್ಲಿ ಸಕ್ಕರೆ 25 ಅಥವಾ ಹೆಚ್ಚು ಏರುವುದು ಇವೆರಡೂ ಇನ್ಸುಲಿನ್ನಿನ ಕೈವಾಡಕ್ಕೆ ಪೂರಕ ಸಾಕ್ಷಿಗಳು.

ಪ್ರಶ್ನೆ: ನನಗೆ 29 ವರ್ಷ. ತಿಂಡಿ ತಡವಾದರೆ ಕೈ ನಡುಗುತ್ತದೆ, ಸಿಡಿಮಿಡಿಯಾಗುತ್ತದೆ. ಆಗ ನೋಡಿಕೊಂಡರೆ 72, 75 ಇರುತ್ತದೆ. ಅಂತರಜಾಲದಲ್ಲಿ ಓದಿದ ಮೇಲೆ ನಿದ್ದೆ ಬರುತ್ತಿಲ್ಲ. ಸಿ.ಟಿ. ಸ್ಕ್ಯಾನ್ ಮಾಡಿಸಲೇ?

ಉತ್ತರ: ಬೇಡ. ಉಪವಾಸದಲ್ಲಿ 72 ಸಹಜವಾದ ಅಂಕಿ. ಹಸಿವಾದಾಗ ನಡುಕ, ಸಿಡಿಮಿಡಿ ಕೋಟ್ಯಂತರ ಜನರಿಗೆ ಇದ್ದದ್ದೇ. ಬೆಳಗ್ಗೆ ಎದ್ದಾಗ ಸ್ವಸ್ಥವಾಗಿರುತ್ತೀರಾದರೆ, ಮಾತು ತೊದಲುವುದು, ಗುರುತು ಮರೆಯುವುದು ಆಗಿಲ್ಲವಾದರೆ ಇನ್ಸುಲಿನೋಮದ ಚಿಂತೆ ಬಿಡಿ. ಎಂದಾದರೂ ಅಂಥ ಹೊತ್ತಿನಲ್ಲಿ ಅಂಕಿ 55ಕ್ಕಿಂತ ಕೆಳಗೆ ಕಂಡರೆ ಮಾತ್ರ ಮುಂದಿನ ಮಾತು.

ಪ್ರಶ್ನೆ: ನಾಲ್ಕು ದಿನಗಳ ಹಿಂದೆ ಮಾಡಿಸಿದ ರಕ್ತಪರೀಕ್ಷೆಯಲ್ಲಿ ನನ್ನ ಸಕ್ಕರೆ 48 ಎಂದು ಬಂತು. ಆದರೆ ನನಗೆ ಏನೂ ಆಗಿರಲಿಲ್ಲ, ಚೆನ್ನಾಗಿಯೇ ಇದ್ದೆ. ಇದೂ ಗಡ್ಡೆಯೇ?

ಉತ್ತರ: ತೆಗೆದ ರಕ್ತವನ್ನು ಎಷ್ಟು ಹೊತ್ತು ಹಾಗೆಯೇ ಇಟ್ಟಿದ್ದರು ಎಂದು ಮೊದಲು ವಿಚಾರಿಸಿ. ನಳಿಕೆಯೊಳಗೂ ರಕ್ತಕಣಗಳು ಸಕ್ಕರೆಯನ್ನು ಬಳಸುತ್ತಲೇ ಇರುತ್ತವೆ. ಕೋಣೆಯ ಉಷ್ಣಾಂಶದಲ್ಲಿಟ್ಟ ರಕ್ತದಲ್ಲಿ ಗಂಟೆಗೆ ಸುಮಾರು ನೂರಕ್ಕೆ 5ರಿಂದ 7ರಷ್ಟು ಗ್ಲೂಕೋಸು ಕಡಿಮೆಯಾಗುತ್ತದೆ. ಫ್ಲೋರೈಡ್ ಇರುವ ನಳಿಕೆಯಲ್ಲಿ ಮತ್ತೊಮ್ಮೆ ಕೊಟ್ಟು, ಬೇಗನೆ ಪರೀಕ್ಷಿಸಲು ಹೇಳಿ. ಲಕ್ಷಣಗಳಿಲ್ಲದ ಒಂಟಿ ಅಂಕಿಯ ಮೇಲೆ ರೋಗನಿರ್ಣಯ ಮಾಡುವುದಿಲ್ಲ.

ಪ್ರಶ್ನೆ: ಉಪವಾಸದ ಪರೀಕ್ಷೆಯಲ್ಲಿ ನನ್ನ ಅಕ್ಕನಿಗೆ ಇನ್ಸುಲಿನೋಮ ಖಚಿತವೆಂದರು. ಆದರೆ ಸಿ.ಟಿ. ಸ್ಕ್ಯಾನಿನಲ್ಲೂ ಎಂ.ಆರ್.ಐ.ನಲ್ಲೂ ಏನೂ ಕಾಣಲಿಲ್ಲ. ಇಲ್ಲದ ಗಡ್ಡೆಗೆ ಶಸ್ತ್ರಚಿಕಿತ್ಸೆ ಹೇಗೆ?

ಉತ್ತರ: ನಿಮ್ಮ ಅಕ್ಕನ ವೈದ್ಯರು ಸರಿಯಾದ ಕ್ರಮದಲ್ಲೇ ಹೋಗಿದ್ದಾರೆ: ಮೊದಲು ರಕ್ತ, ಆಮೇಲೆ ಚಿತ್ರ. ಇದರ ತಿರುವುಮುರುವಾದರೆ ಆಗುವ ಅನಾಹುತವೇ ಹೆಚ್ಚು ಎಂಬುದು ನನ್ನ ಖಚಿತ ಅಭಿಪ್ರಾಯ. ರಕ್ತದ ಪುರಾವೆ ಇಲ್ಲದೆ ಸ್ಕ್ಯಾನ್ ಮಾಡಿಸಿದರೆ, ಮೇದೋಜ್ಜೀರಕದಲ್ಲಿ ಯಾವ ತೊಂದರೆಯನ್ನೂ ಕೊಡದ ಒಂದು ಗಂಟು ಕಂಡು, ಅದನ್ನೇ ಅಪರಾಧಿಯೆಂದು ಕತ್ತರಿಸುವ ಪ್ರಮೇಯ ಬರುತ್ತದೆ. ರೋಗಿ ಮನೆಗೆ ಬಂದ ಮೇಲೂ ಸಕ್ಕರೆ ಇಳಿಯುತ್ತಲೇ ಇರುತ್ತದೆ. ರಕ್ತದ ಪುರಾವೆ ಗಟ್ಟಿಯಾಗಿದ್ದರೆ ಚಿತ್ರದಲ್ಲಿ ಕಾಣದಿದ್ದರೂ ಗಡ್ಡೆ ಎಲ್ಲೋ ಇದೆ ಎಂದು ನಂಬಿಯೇ ಹುಡುಕಬೇಕು. ಒಂದು ಸೆಂಟಿಮೀಟರು ಅಗಲದ, ಸುತ್ತಲಿನ ಅಂಗಾಂಶವನ್ನೇ ಹೋಲುವ ಗಡ್ಡೆ ಸಿ.ಟಿ.ಗೆ ತಪ್ಪಿಸಿಕೊಳ್ಳುವುದರಲ್ಲಿ ಆಶ್ಚರ್ಯವಿಲ್ಲ.

ಮುಂದಿನ ಹೆಜ್ಜೆ ಸಾಮಾನ್ಯವಾಗಿ ಎಂಡೋಸ್ಕೋಪಿಕ್ ಅಲ್ಟ್ರಾಸೌಂಡ್. ತುದಿಯಲ್ಲಿ ಅಲ್ಟ್ರಾಸೌಂಡ್ ಇರುವ ಕೊಳವೆಯನ್ನು ಬಾಯಿಯ ಮೂಲಕ ಜಠರಕ್ಕೆ, ಅಲ್ಲಿಂದ ಸಣ್ಣ ಕರುಳಿನ ಆರಂಭಕ್ಕೆ ಇಳಿಸಿ, ಗೋಡೆಯಾಚೆಗೇ ಇರುವ ಮೇದೋಜ್ಜೀರಕವನ್ನು ಹತ್ತಿರದಿಂದ ನೋಡುತ್ತಾರೆ. ಗ್ರಂಥಿಯ ತಲೆಭಾಗದಲ್ಲಿ ಇದು ಚೆನ್ನಾಗಿ ತೋರಿಸುತ್ತದೆ, ಗುಲ್ಮದ ಕಡೆಗಿರುವ ಬಾಲದ ತುದಿಯಲ್ಲಿ ಅಷ್ಟು ಚೆನ್ನಾಗಿ ಅಲ್ಲ. ಇತ್ತೀಚಿನ ವರ್ಷಗಳಲ್ಲಿ ಬಂದಿರುವ ಇನ್ನೂ ಸೂಕ್ಷ್ಮವಾದ ಪರೀಕ್ಷೆ ಎಂದರೆ ಎಕ್ಸೆಂಡಿನ್ ಪೆಟ್ ಸ್ಕ್ಯಾನ್. ಬೀಟಾ ಕೋಶಗಳ ಮೇಲೆ ಜಿ.ಎಲ್.ಪಿ.-1 ಎಂಬ ಹಾರ್ಮೋನಿನ ಗ್ರಾಹಕಗಳು ಹೇರಳವಾಗಿವೆ. ಅವಕ್ಕೆ ಅಂಟಿಕೊಳ್ಳುವ ಎಕ್ಸೆಂಡಿನ್-4ಕ್ಕೆ ಗ್ಯಾಲಿಯಂ-68 ಎಂಬ ವಿಕಿರಣಶೀಲ ಧಾತುವನ್ನು ಕಟ್ಟಿ ರಕ್ತಕ್ಕೆ ಬಿಟ್ಟರೆ ಗಡ್ಡೆ ಬೆಳಗಿ ಕಾಣುತ್ತದೆ. ಈ ಎಕ್ಸೆಂಡಿನ್-4 ಮೊದಲು ದೊರೆತದ್ದು ಗಿಲಾ ಮಾನ್ಸ್ಟರ್ ಎಂಬ ವಿಷಕಾರಿ ಹಲ್ಲಿಯ ಜೊಲ್ಲಿನಲ್ಲಿ ಎಂಬುದನ್ನು ನನ್ನ ವಿದ್ಯಾರ್ಥಿಗಳು ಎಂದೂ ಮರೆಯುವುದಿಲ್ಲ, ಉಳಿದದ್ದನ್ನು ಮರೆತರೂ. ಹಾರ್ಮೋನು ಸ್ರವಿಸುವ ಕೋಶಗಳಿಂದ ಹುಟ್ಟುವ ಬೇರೆ (ನರ-ಅಂತಃಸ್ರಾವಿ) ಗಡ್ಡೆಗಳಿಗೆ ಬಳಸುವ ಡೋಟಾಟೇಟ್ ಪೆಟ್ ಸ್ಕ್ಯಾನ್ ಇನ್ಸುಲಿನೋಮಕ್ಕೆ ಅಷ್ಟು ನೆಚ್ಚಿಕೆಯದಲ್ಲ; ಅದು ಏನೂ ತೋರಿಸಲಿಲ್ಲವೆಂದು ಕೈಚೆಲ್ಲಬೇಕಾಗಿಲ್ಲ.

ಇವೆಲ್ಲ ಸೋತಾಗ ಉಳಿಯುವುದು, 1990ರ ದಶಕದ ಆರಂಭದಿಂದ ಬಳಕೆಯಲ್ಲಿರುವ ಒಂದು ಜಾಣ ವಿಧಾನ. ಮೇದೋಜ್ಜೀರಕದ ಬೇರೆ ಬೇರೆ ಭಾಗಗಳಿಗೆ ರಕ್ತ ಒಯ್ಯುವ ಅಪಧಮನಿಗಳೊಳಗೆ ಒಂದಾದ ಮೇಲೊಂದರಂತೆ ಸ್ವಲ್ಪ ಸ್ವಲ್ಪ ಕ್ಯಾಲ್ಸಿಯಂ ಬಿಟ್ಟು, ಪ್ರತಿ ಸಲವೂ ಯಕೃತ್ತಿನ ಅಭಿಧಮನಿಯಿಂದ ರಕ್ತ ತೆಗೆಯುತ್ತಾರೆ. ಆರೋಗ್ಯವಂತ ಬೀಟಾ ಕೋಶಗಳು ಈ ಕ್ಯಾಲ್ಸಿಯಂಗೆ ಹೆಚ್ಚು ಪ್ರತಿಕ್ರಿಯಿಸುವುದಿಲ್ಲ, ಗಡ್ಡೆಯ ಕೋಶಗಳು ಥಟ್ಟನೆ ಇನ್ಸುಲಿನ್ ಸುರಿಯುತ್ತವೆ. ಯಾವ ಅಪಧಮನಿಗೆ ಬಿಟ್ಟಾಗ ಇನ್ಸುಲಿನ್ ಇಮ್ಮಡಿಯಾಯಿತೋ ಗಡ್ಡೆ ಆ ಅಪಧಮನಿಯ ಸೀಮೆಯಲ್ಲಿದೆ. ಕಣ್ಣಿಗೆ ಕಾಣದಿದ್ದರೂ ವಿಳಾಸ ಸಿಕ್ಕಂತಾಯಿತು. ಶಸ್ತ್ರಚಿಕಿತ್ಸೆಯ ವೇಳೆಯಲ್ಲಿ ಅನುಭವಿ ವೈದ್ಯರ ಬೆರಳುಗಳು ಮತ್ತು ಗ್ರಂಥಿಯ ಮೇಲೆಯೇ ಇಡುವ ಅಲ್ಟ್ರಾಸೌಂಡ್ ಕೂಡಿ ಬಹುಪಾಲು ಗಡ್ಡೆಗಳನ್ನು ಹಿಡಿಯುತ್ತವೆ. ಹಿಂದೆ, ಗಡ್ಡೆ ಸಿಗದಿದ್ದಾಗ ಅಂದಾಜಿನ ಮೇಲೆ ಬಾಲದ ಭಾಗವನ್ನು ಕತ್ತರಿಸಿ ತೆಗೆಯುವ ರೂಢಿಯಿತ್ತು. ಈಗ ಅದಕ್ಕೆ ಒಪ್ಪಬೇಡಿ.

ಪ್ರಶ್ನೆ: ಶಸ್ತ್ರಚಿಕಿತ್ಸೆಯಿಂದ ಪೂರ್ತಿ ಗುಣವಾಗುತ್ತದೆಯೇ? ಆಮೇಲೆ ಮಧುಮೇಹ ಬರುತ್ತದೆಯೇ? ಮಾತ್ರೆಯಲ್ಲೇ ನಿಭಾಯಿಸಲು ಬರುವುದಿಲ್ಲವೇ?

ಉತ್ತರ: ಇನ್ಸುಲಿನ್ನನ್ನು ಬೇರ್ಪಡಿಸಿದ್ದು 1921ರಲ್ಲಿ. ಮೂರೇ ವರ್ಷಗಳಲ್ಲಿ, ಮಧುಮೇಹಕ್ಕೆ ಇನ್ಸುಲಿನ್ ಅತಿಯಾದವರಲ್ಲಿ ಕಾಣುವ ಲಕ್ಷಣಗಳೇ ಇನ್ಸುಲಿನ್ ಚುಚ್ಚಿಕೊಳ್ಳದ ಕೆಲವರಲ್ಲೂ ಕಾಣುತ್ತಿವೆಯೆಂದು ಅಮೆರಿಕದ ಸೀಲ್ ಹ್ಯಾರಿಸ್ ಬರೆದರು. 1927ರಲ್ಲಿ ಮೇಯೋ ಕ್ಲಿನಿಕ್ಕಿನಿಂದ ಪ್ರಕಟವಾದ ಮೊದಲ ಗಡ್ಡೆಯ ವರದಿಯ ರೋಗಿ ಸ್ವತಃ ಶಸ್ತ್ರವೈದ್ಯ. ಅವರ ಗಡ್ಡೆ ಆಗಲೇ ಹರಡಿತ್ತು. ಎರಡು ವರ್ಷಗಳ ನಂತರ, 1929ರಲ್ಲಿ, ಟೊರಾಂಟೋದಲ್ಲಿ ರಾಸ್ಕೋ ಗ್ರಹಾಂ ಇಂಥದೊಂದು ಗಡ್ಡೆಯನ್ನು ತೆಗೆದು ರೋಗಿಯನ್ನು ಗುಣಪಡಿಸಿದರು. ಸೌಮ್ಯ ಗಡ್ಡೆಗೆ ಅಂದಿನಿಂದ ಇಂದಿನವರೆಗೆ ಮುಖ್ಯ ಚಿಕಿತ್ಸೆ ಅದೇ. ಮೇಯೋ ಕ್ಲಿನಿಕ್ 1991ರಲ್ಲಿ ತನ್ನ ಹಲವು ದಶಕಗಳ ರೋಗಿಗಳ ಲೆಕ್ಕ ಪ್ರಕಟಿಸಿದಾಗ, ಆನುವಂಶಿಕ ಹಿನ್ನೆಲೆಯಿಲ್ಲದವರಲ್ಲಿ ಹತ್ತು ವರ್ಷಗಳೊಳಗೆ ರೋಗ ಮರುಕಳಿಸಿದ್ದು ನೂರಕ್ಕೆ 6 ಮಂದಿಯಲ್ಲಿ ಮಾತ್ರ.

ಗಡ್ಡೆ ಗ್ರಂಥಿಯ ಮೇಲ್ಮೈಗೆ ಹತ್ತಿರವಾಗಿ, ಜೀರ್ಣರಸದ ಮುಖ್ಯ ನಾಳದಿಂದ ದೂರವಾಗಿ ಇದ್ದರೆ ಅದೊಂದನ್ನೇ ಬಿಡಿಸಿ ತೆಗೆಯುತ್ತಾರೆ. ಗ್ರಂಥಿಯೆಲ್ಲ ಉಳಿಯುವುದರಿಂದ ಮಧುಮೇಹದ ಭಯ ಅಷ್ಟಾಗಿಲ್ಲ. ನಾಳಕ್ಕೆ ಅಂಟಿಕೊಂಡಿದ್ದರೆ ಆ ಭಾಗವನ್ನೇ ತೆಗೆಯಬೇಕಾಗುತ್ತದೆ, ಎಷ್ಟು ತೆಗೆದರು ಎಂಬುದರ ಮೇಲೆ ಮಧುಮೇಹದ ಸಂಭವ ಏರುತ್ತದೆ. ಶಸ್ತ್ರಚಿಕಿತ್ಸೆಯಾದ ಮೊದಲ ಕೆಲವು ದಿನ ಸಕ್ಕರೆ ಏರಿದರೆ ಗಾಬರಿ ಬೇಡ. ಗಡ್ಡೆಯ ದರ್ಬಾರಿನಲ್ಲಿ ಸುಮ್ಮನಿದ್ದ ಆರೋಗ್ಯವಂತ ಬೀಟಾ ಕೋಶಗಳು ಮತ್ತೆ ಕೆಲಸಕ್ಕೆ ಬರಲು ಸ್ವಲ್ಪ ಸಮಯ ಬೇಕು. ನಿಜವಾಗಿ ಎಚ್ಚರ ವಹಿಸಬೇಕಾದ ತೊಡಕು ಜೀರ್ಣರಸ ಸೋರುವುದು; ಈ ಶಸ್ತ್ರಚಿಕಿತ್ಸೆಯನ್ನು ಹೆಚ್ಚು ಸಂಖ್ಯೆಯಲ್ಲಿ ಮಾಡುವ ಕೇಂದ್ರಕ್ಕೇ ಹೋಗಿ ಎನ್ನುವುದು ಅದಕ್ಕಾಗಿ. ಶಸ್ತ್ರಚಿಕಿತ್ಸೆ ತಾಳದವರಿಗೆ ಎಂಡೋಸ್ಕೋಪಿಕ್ ಅಲ್ಟ್ರಾಸೌಂಡ್ ಮೂಲಕ ಸೂಜಿ ತೂರಿಸಿ ಗಡ್ಡೆಯನ್ನು ರೇಡಿಯೋ ತರಂಗಗಳ ಶಾಖದಿಂದ ಸುಡುವ ವಿಧಾನವೂ ಈಗ ಕೆಲವೆಡೆ ಇದೆ.

ಮಾತ್ರೆಗಳು ಶಸ್ತ್ರಚಿಕಿತ್ಸೆಯವರೆಗೆ ಕಾಯಿಸಲು, ಅಥವಾ ಶಸ್ತ್ರಚಿಕಿತ್ಸೆ ಸಾಧ್ಯವೇ ಇಲ್ಲದವರಿಗೆ. ಡಯಜಾಕ್ಸೈಡ್ ಬೀಟಾ ಕೋಶಗಳ ಪೊಟ್ಯಾಸಿಯಂ ದ್ವಾರಗಳನ್ನು ತೆರೆದಿಟ್ಟು ಇನ್ಸುಲಿನ್ ಹೊರಬೀಳದಂತೆ ತಡೆಯುತ್ತದೆ; ಕಾಲು ಬಾವು, ಮುಖದ ಮೇಲೆ ಕೂದಲು ಬೆಳೆಯುವುದು ಅದರ ಕಿರಿಕಿರಿಗಳು. ಆಕ್ಟ್ರಿಯೊಟೈಡ್ ಇಂಜೆಕ್ಷನ್ ಕೆಲವರಿಗೆ ಹಿಡಿಸುತ್ತದೆ, ಇನ್ನು ಕೆಲವರಲ್ಲಿ ಸಕ್ಕರೆ ಏರಿಸುವ ಗ್ಲುಕಗಾನನ್ನೂ ತಗ್ಗಿಸಿ ಕುಸಿತವನ್ನು ಹೆಚ್ಚಿಸುತ್ತದೆ. ಆದ್ದರಿಂದ ಮೊದಲ ಡೋಸನ್ನು ವೈದ್ಯರ ಕಣ್ಗಾವಲಿನಲ್ಲೇ ಕೊಡಬೇಕು. ಹರಡಿದ ಮಾರಕ ಇನ್ಸುಲಿನೋಮದಲ್ಲಿ ಎವರೊಲಿಮಸ್ ಮಾತ್ರೆ ಮತ್ತು ಲುಟೀಷಿಯಂ-177 ವಿಕಿರಣ ಚಿಕಿತ್ಸೆ ಗಡ್ಡೆಯ ಜತೆಗೆ ಸಕ್ಕರೆಯ ಕುಸಿತವನ್ನೂ ಹತೋಟಿಗೆ ತರಬಲ್ಲವು.

ಪ್ರಶ್ನೆ: ನನ್ನ ತಂದೆಗೆ 68 ವರ್ಷ. ಸಕ್ಕರೆ ಮೂವತ್ತು ನಲವತ್ತಕ್ಕೆ ಇಳಿಯುತ್ತಿದೆ. ಆದರೆ ಇನ್ಸುಲಿನ್, ಸಿ-ಪೆಪ್ಟೈಡ್ ಎರಡೂ ಕಡಿಮೆಯೇ ಇವೆ. ಎಕ್ಸ್‌ರೇಯಲ್ಲಿ ಎದೆಯೊಳಗೆ ದೊಡ್ಡ ಗಡ್ಡೆ ಕಾಣುತ್ತಿದೆ. ಇವೆರಡಕ್ಕೂ ಸಂಬಂಧವಿದೆಯೇ?

ಉತ್ತರ: ಬಹುಶಃ ಇದೆ. ಶ್ವಾಸಕೋಶದ ಹೊದಿಕೆಯಿಂದ ಹುಟ್ಟುವ ಒಂದು ಬಗೆಯ ನಾರುಗಡ್ಡೆ ಸಕ್ಕರೆಯನ್ನು ಕುಸಿಯುವಂತೆ ಮಾಡುವುದನ್ನು 1930ರಲ್ಲಿ ಡೊಯೆಗೆ ಮತ್ತು ಪಾಟರ್ ಎಂಬ ಇಬ್ಬರು ವೈದ್ಯರು ಬೇರೆ ಬೇರೆಯಾಗಿಯೇ ವರದಿ ಮಾಡಿದರು. ಇಂಥ ಗಡ್ಡೆಗಳು, ಹಾಗೆಯೇ ಯಕೃತ್ತಿನ ಕ್ಯಾನ್ಸರಿನಂಥ ಕೆಲವು ದೊಡ್ಡ ಗಡ್ಡೆಗಳು, ಇನ್ಸುಲಿನ್ನನ್ನು ತಯಾರಿಸುವುದಿಲ್ಲ. ಅದರ ಬಂಧುವಾದ ಐ.ಜಿ.ಎಫ್.-2 ಎಂಬ, ಇನ್ಸುಲಿನ್ನನ್ನು ಹೋಲುವ ಬೆಳವಣಿಗೆಯ ಅಂಶವನ್ನು ಪೂರ್ತಿ ಕತ್ತರಿಸದ ದೊಡ್ಡ ರೂಪದಲ್ಲಿ ಬಿಡುತ್ತವೆ. ಅದು ಇನ್ಸುಲಿನ್ನಿನ ಗ್ರಾಹಕಗಳ ಮೇಲೆಯೇ ಕೆಲಸ ಮಾಡುತ್ತದೆ. ಸಕ್ಕರೆ ಇಳಿದಿರುವುದನ್ನು ಕಂಡ ಬೀಟಾ ಕೋಶಗಳು ತಮ್ಮ ಕೆಲಸ ನಿಲ್ಲಿಸುವುದರಿಂದ ಇನ್ಸುಲಿನ್, ಸಿ-ಪೆಪ್ಟೈಡ್ ಎರಡೂ ತಳ ಹಿಡಿಯುತ್ತವೆ, ಆದರೂ ಕೀಟೋನುಗಳು ಏರುವುದಿಲ್ಲ. ಐ.ಜಿ.ಎಫ್.-2 ಮತ್ತು ಅದೇ ಗುಂಪಿನ ಐ.ಜಿ.ಎಫ್.-1ರ ಅನುಪಾತ 10ಕ್ಕಿಂತ ಹೆಚ್ಚಿದ್ದರೆ ಅನುಮಾನ ಬಲವಾಗುತ್ತದೆ. ಗಡ್ಡೆಯನ್ನು ಪೂರ್ತಿ ತೆಗೆಯಲು ಸಾಧ್ಯವಾದರೆ ಸಕ್ಕರೆಯೂ ಸರಿಹೋಗುತ್ತದೆ. ಅಲ್ಲಿಯವರೆಗೆ ಪ್ರೆಡ್ನಿಸೊಲೋನಿನಂಥ ಸ್ಟೀರಾಯ್ಡ್ ನೆರವಾಗುತ್ತದೆ. ಡಯಜಾಕ್ಸೈಡಿನಿಂದ ಪ್ರಯೋಜನವಿಲ್ಲ, ತಡೆಯಲು ಇಲ್ಲಿ ಇನ್ಸುಲಿನ್ನೇ ಇಲ್ಲ.

ಪ್ರಶ್ನೆ: ತೂಕ ಇಳಿಸಲು ಹೊಟ್ಟೆಯ ಬೈಪಾಸ್ ಮಾಡಿಸಿಕೊಂಡು ಮೂರು ವರ್ಷವಾಯಿತು. ಊಟವಾದ ಎರಡು ಗಂಟೆಗೆ ತಲೆ ಸುತ್ತಿ ಬೀಳುವಂತಾಗುತ್ತದೆ, ಸಕ್ಕರೆ 50ರ ಆಸುಪಾಸು ಇರುತ್ತದೆ. ಬರಿಹೊಟ್ಟೆಯಲ್ಲಿ ಏನೂ ಆಗುವುದಿಲ್ಲ.

ಉತ್ತರ: ನಿಮ್ಮ ಕೊನೆಯ ವಾಕ್ಯವೇ ಉತ್ತರಕ್ಕೆ ದಾರಿ. ಇನ್ಸುಲಿನೋಮ ಮುಖ್ಯವಾಗಿ ಬರಿಹೊಟ್ಟೆಯ ರೋಗ. ಬೈಪಾಸ್ ಆದವರಲ್ಲಿ ಆಹಾರ ವೇಗವಾಗಿ ಕರುಳಿಗೆ ಇಳಿದು, ಸಕ್ಕರೆ ಥಟ್ಟನೆ ಏರಿ, ಅದಕ್ಕೆ ಪ್ರತಿಯಾಗಿ ಇನ್ಸುಲಿನ್ ಅತಿಯಾಗುವುದರಿಂದ ಊಟವಾದ ಒಂದರಿಂದ ಮೂರು ಗಂಟೆಯೊಳಗೆ ಕುಸಿತ ಬರುತ್ತದೆ. ಸಿಹಿ ಮತ್ತು ಪಿಷ್ಟ ತಗ್ಗಿಸಿ, ಪ್ರೋಟೀನು ಹೆಚ್ಚಿಸಿ, ಸ್ವಲ್ಪ ಸ್ವಲ್ಪವನ್ನೇ ಹಲವು ಸಲ ತಿನ್ನುವುದು ಮೊದಲ ಚಿಕಿತ್ಸೆ. ಅದು ಸಾಲದಿದ್ದರೆ ಅಕಾರ್ಬೋಸ್ ಮಾತ್ರೆಯ ಬಗ್ಗೆ ನಿಮ್ಮ ವೈದ್ಯರನ್ನು ಕೇಳಿ.

ಪ್ರಶ್ನೆ: ನನ್ನ ಅಣ್ಣನಿಗೆ ಇನ್ಸುಲಿನೋಮ ತೆಗೆದಿದ್ದಾರೆ. ನನಗೆ ಎರಡು ಬಾರಿ ಮೂತ್ರಪಿಂಡದಲ್ಲಿ ಕಲ್ಲಾಗಿತ್ತು, ರಕ್ತದಲ್ಲಿ ಕ್ಯಾಲ್ಸಿಯಂ ಹೆಚ್ಚಿದೆ ಎಂದಿದ್ದರು. ನಾನೂ ಪರೀಕ್ಷೆ ಮಾಡಿಸಬೇಕೇ?

ಉತ್ತರ: ಮಾಡಿಸಬೇಕು, ತಡಮಾಡದೆ. ಇನ್ಸುಲಿನೋಮ ಇರುವವರಲ್ಲಿ ನೂರಕ್ಕೆ 5ರಿಂದ 10 ಮಂದಿಗೆ ಅದು ಮೆನ್-1 ಎಂಬ ಆನುವಂಶಿಕ ತೊಂದರೆಯ ಒಂದು ಭಾಗ. ಅದರಲ್ಲಿ ಕುತ್ತಿಗೆಯಲ್ಲಿದ್ದು ರಕ್ತದ ಕ್ಯಾಲ್ಸಿಯಂ ನಿಯಂತ್ರಿಸುವ ಪ್ಯಾರಾಥೈರಾಯ್ಡ್, ಮೇದೋಜ್ಜೀರಕ ಮತ್ತು ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಗಳಲ್ಲಿ ಗಡ್ಡೆಗಳು ಬೆಳೆಯುತ್ತವೆ, ಪ್ಯಾರಾಥೈರಾಯ್ಡಿನದು ಬಹುತೇಕ ಎಲ್ಲರಲ್ಲೂ ಕಾಣುತ್ತದೆ. ಕ್ಯಾಲ್ಸಿಯಂ ಏರುವುದಕ್ಕೂ ಕಲ್ಲಾಗುವುದಕ್ಕೂ ಅದೇ ಮೂಲ. ಕಾರಣವಾದ ವಂಶವಾಹಿ 11ನೇ ವರ್ಣತಂತುವಿನಲ್ಲಿದೆ, 1997ರಲ್ಲಿ ಪತ್ತೆಯಾಯಿತು. ದೋಷವಿರುವವರ ಪ್ರತಿ ಮಗುವಿಗೂ ಅದು ದಾಟುವ ಸಂಭವ ಅರ್ಧಕ್ಕರ್ಧ. ಮೊದಲು ಅಣ್ಣನವರ ವಂಶವಾಹಿ ಪರೀಕ್ಷೆ ಆಗಲಿ. ಅಲ್ಲಿ ದೋಷ ಸಿಕ್ಕರೆ ನಿಮ್ಮಲ್ಲಿ ಅದೊಂದನ್ನೇ ಹುಡುಕಿದರೆ ಸಾಕು. ನಿಮ್ಮ ಕ್ಯಾಲ್ಸಿಯಂ ಮತ್ತು ಪ್ಯಾರಾಥೈರಾಯ್ಡ್ ಹಾರ್ಮೋನಿನ ಪರೀಕ್ಷೆಗೆ ಮಾತ್ರ ಅದಕ್ಕಾಗಿ ಕಾಯಬೇಡಿ. ಅಣ್ಣನವರಿಗೂ ಇದು ಮುಖ್ಯ: ಮೆನ್-1 ಇರುವವರಲ್ಲಿ ಗಡ್ಡೆಗಳು ಹಲವು ಇರಬಹುದು, ಮೇಲೆ ಹೇಳಿದ ಮೇಯೋ ಲೆಕ್ಕದಲ್ಲಿ ಅವರ ಪೈಕಿ ಮರುಕಳಿಸಿದ್ದು ಹತ್ತು ವರ್ಷಗಳಲ್ಲಿ ನೂರಕ್ಕೆ 21 ಮಂದಿಗೆ.

ಪ್ರಶ್ನೆ: ಪತ್ನಿಯ ಶಸ್ತ್ರಚಿಕಿತ್ಸೆಗೆ ಇನ್ನೂ ಐದು ವಾರವಿದೆ. ಅಲ್ಲಿಯವರೆಗೆ ಮನೆಯಲ್ಲಿ ಏನು ಎಚ್ಚರ ವಹಿಸಬೇಕು?

ಉತ್ತರ: ಮಲಗುವ ಮುನ್ನ ನಿಧಾನವಾಗಿ ಜೀರ್ಣವಾಗುವಂಥದನ್ನು ತಿನ್ನಲಿ, ನಡುರಾತ್ರಿಗೆ ಅಲಾರಂ ಇಟ್ಟು ಇನ್ನೊಮ್ಮೆ. ಚರ್ಮದ ಮೇಲೆ ಅಂಟಿಸಿ ಸಕ್ಕರೆಯನ್ನು ಸತತವಾಗಿ ಅಳೆಯುವ ಸಾಧನ ಸಿಕ್ಕರೆ ಅದರ ಎಚ್ಚರಿಕೆಯ ಗಂಟೆ ರಾತ್ರಿ ಉಪಯೋಗಕ್ಕೆ ಬರುತ್ತದೆ. ಅದರ ಅಂಕಿಯನ್ನು ರೋಗನಿರ್ಣಯಕ್ಕೆ ಬಳಸುವುದಿಲ್ಲ, ಅಷ್ಟೇ. ವಾಹನ ಓಡಿಸುವುದು, ಒಬ್ಬರೇ ಈಜುವುದು, ಎತ್ತರ ಹತ್ತುವುದು ಸದ್ಯಕ್ಕೆ ಬೇಡ. ಗಲಿಬಿಲಿಯಲ್ಲಿರುವಾಗ ಅವರು ಸಕ್ಕರೆ ಬೇಡವೆಂದು ಹಟ ಮಾಡಬಹುದು, ಸಿಟ್ಟಾಗಬಹುದು. ಅದು ಅವರ ಮಾತಲ್ಲ ಎಂದು ತಿಳಿದು, ವಾದಕ್ಕಿಳಿಯದೆ, ನುಂಗುವ ಸ್ಥಿತಿಯಲ್ಲಿದ್ದರೆ ಸಕ್ಕರೆ ನೀರನ್ನೋ ಹಣ್ಣಿನ ರಸವನ್ನೋ ಕುಡಿಸಿ. ನುಂಗಲಾರದಿದ್ದರೆ ಬಾಯಿಗೆ ಏನನ್ನೂ ಹಾಕಬೇಡಿ. ಪಕ್ಕಕ್ಕೆ ಹೊರಳಿಸಿ ಮಲಗಿಸಿ, ಆಂಬುಲೆನ್ಸ್ ಕರೆಸಿ. ವೈದ್ಯರು ಗ್ಲುಕಗಾನ್ ಇಂಜೆಕ್ಷನ್ ಬರೆದುಕೊಟ್ಟಿದ್ದರೆ ಆಗ ಅದನ್ನು ಕೊಡಬಹುದು. ಯಕೃತ್ತಿನಲ್ಲಿ ಗ್ಲೈಕೋಜನ್ ಉಳಿದಿರುವುದರಿಂದ ಈ ರೋಗದಲ್ಲಿ ಅದು ಚೆನ್ನಾಗಿ ಕೆಲಸ ಮಾಡುತ್ತದೆ, ಆದರೆ ಗಡ್ಡೆಯನ್ನೂ ಕೆರಳಿಸಿ ಸ್ವಲ್ಪ ಹೊತ್ತಿನಲ್ಲೇ ಇನ್ನಷ್ಟು ಇನ್ಸುಲಿನ್ ಹೊರಡಿಸಬಲ್ಲದು. ಎಚ್ಚರವಾದ ಕೂಡಲೇ ಹೊಟ್ಟೆ ತುಂಬ ತಿನ್ನಿಸಿ, ಮುಂದಿನ ಒಂದೆರಡು ಗಂಟೆ ಅವರನ್ನು ಒಂಟಿಯಾಗಿ ಬಿಡಬೇಡಿ, ಹತ್ತು ಹದಿನೈದು ನಿಮಿಷಕ್ಕೊಮ್ಮೆ ಸಕ್ಕರೆ ನೋಡುತ್ತಿರಿ.